ಉಪಗ್ರಹದ ಬೀಗರು

ಶಿಕಾರಿಪುರದ ಹುಚ್ಚರಾಯಪ್ಪನವರಿಗೆ ಸಿಟ್ಟು ಬಾರದ ದಿನ ಅವರ ಹೆಂಡತಿ ರಾಜೇಶ್ವರಮ್ಮ ಅವರ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡುತ್ತಿದ್ದರು. ಹಾಗೆಂದು ಅವರು ಕೆಟ್ಟವರಲ್ಲ. ಯಾರ ಮೇಲೂ ಕೈ ಎತ್ತಿದವರಲ್ಲ, ಹೊಲಸು ಮಾತು ಆಡಿದವರಲ್ಲ. ಅವರದು ನ್ಯಾಯದ ಸಿಟ್ಟು. ಬಸ್ಸು ತಡವಾದರೆ ಸಿಟ್ಟು ಸರಿಯೇ, ಹೊತ್ತಿಗೆ ಮುಂಚೆ ಬಂದರೂ "ಇದೇನು ಶಿಸ್ತು?" ಎಂದು ಕಂಡಕ್ಟರನನ್ನು ವಿಚಾರಿಸಿಕೊಳ್ಳುವವರು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದು ಪೈಪು, ನಲ್ಲಿ, ಮೋಟಾರು ಸಾಮಾನಿನ ಅಂಗಡಿ. ಗಿರಾಕಿ ಒಂದಿಂಚಿನ ಎಲ್ಬೋ ಕೇಳಿದರೆ, "ನಿಮ್ಮ ಪೈಪಿಗೆ ಮುಕ್ಕಾಲು ಬೇಕು. ಒಂದಿಂಚು ಅಂತ ಯಾರ್ರೀ ಹೇಳಿದೋನು?" ಎಂದು, ಕಾಣದ ಆ ಮನುಷ್ಯನ ಮೇಲೆ ಅರ್ಧ ಗಂಟೆ ಹಾರಾಡುತ್ತಿದ್ದರು.

ಅವರ ಹೆಸರು ಊರ ದೇವರ ಹೆಸರು. ಶಿಕಾರಿಪುರದೊಳಗೆ ಕೂಗಿದರೆ ನಾಲ್ಕು ಜನ "ಹಾಂ?" ಎನ್ನುತ್ತಾರೆ, ತಾಲ್ಲೂಕಿನ ಗಡಿ ದಾಟಿ ಕೂಗಿದರೆ ನಾಲ್ಕು ಜನ ಕಿಸಕ್ಕನೆ ನಗುತ್ತಾರೆ. ಗಡಿಯಾಚೆಯವರೆಲ್ಲರ ಮೇಲೂ ಅವರಿಗೆ ಮೊದಲಿನಿಂದ ಒಂದು ಸಿಟ್ಟು ಇದ್ದೇ ಇತ್ತು.

ಇಂಥವರು ಹ್ಯಾಮ್ ರೇಡಿಯೋದ ಹುಚ್ಚಿಗೆ ಬಿದ್ದದ್ದೂ ಸಿಟ್ಟಿನಿಂದಲೇ. ಮೊಬೈಲ್ ರೀಚಾರ್ಜಿನ ದರ ಮತ್ತೊಮ್ಮೆ ಏರಿದ ವಾರ ಯಾವುದೋ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋಗಿದ್ದರು. ಅಲ್ಲೊಂದು ವಸ್ತುಪ್ರದರ್ಶನದಲ್ಲಿ ಒಬ್ಬಾತ ಒಂದು ಕೈಯಲ್ಲಿ ವಾಕಿಟಾಕಿ, ಇನ್ನೊಂದು ಕೈಯಲ್ಲಿ ಕಡ್ಡಿಕಡ್ಡಿಯ ಆಂಟೆನಾ ಹಿಡಿದು ಆಕಾಶ ನೋಡುತ್ತ ನಿಂತಿದ್ದ. ತಲೆಯ ಮೇಲೆ ಹಾದುಹೋಗುತ್ತಿದ್ದ ಒಂದು ಪುಟ್ಟ ಉಪಗ್ರಹ ಅವನ ಮಾತನ್ನು ಹಿಡಿದು ಬೇರೆ ದೇಶಕ್ಕೆ ಎಸೆಯಿತು. ಅಲ್ಲಿಂದ ಯಾರೋ ಉತ್ತರ ಕೊಟ್ಟರು.

"ಸಿಮ್ ಎಲ್ಲೈತ್ರೀ?" ಎಂದು ಹುಚ್ಚರಾಯಪ್ಪನವರು ಕೇಳಿದರು.

"ಸಿಮ್ ಇಲ್ಲ ಸಾರ್."

"ರೀಚಾರ್ಜು?"

"ಅದೂ ಇಲ್ಲ. ಪರೀಕ್ಷೆ ಪಾಸು ಮಾಡಿ ಸರ್ಕಾರದ ಲೈಸೆನ್ಸ್ ತಗೊಂಡ್ರೆ ಆಯ್ತು. ಹವ್ಯಾಸ ಅಷ್ಟೇ."

ಪ್ರಪಂಚದಲ್ಲಿ ಇಂಥದೊಂದು ಸೌಲಭ್ಯವಿದ್ದೂ ಇಷ್ಟು ವರ್ಷ ತಮಗೆ ಯಾರೂ ಹೇಳಲಿಲ್ಲವೆಂದು ಊರು ಮುಟ್ಟುವ ತನಕ ಅವರು ಬಸ್ಸಿನಲ್ಲಿ ಕುದಿದರು. ಐವತ್ತು ದಾಟಿದ ಮೇಲೆ ಓದಲು ಕೂತು, ಒಂದು ಸಲ ನಪಾಸಾಗಿ, ಪ್ರಶ್ನೆಪತ್ರಿಕೆ ಮಾಡಿದವರ ಮೇಲೆ ಸಿಟ್ಟಾಗಿ, ಎರಡನೇ ಸಲ ಪಾಸಾದರು. ಲೈಸೆನ್ಸು ಬಂದಾಗ ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ದೇವರ ಪಟದ ಪಕ್ಕಕ್ಕೆ ನೇತುಹಾಕಿದರು. ಆಂಟೆನಾ ಮಾತ್ರ ಕೊಳ್ಳಲಿಲ್ಲ. ಅಂಗಡಿಯದೇ ಪಿವಿಸಿ ಪೈಪಿಗೆ ಹಳೆಯ ಅಳತೆ ಟೇಪನ್ನು ತುಂಡು ಮಾಡಿ ಅಡ್ಡಡ್ಡ ಕಟ್ಟಿದರು. ನೋಡಿದರೆ ದೊಡ್ಡದೊಂದು ಮೀನು ತಿಂದು ಬಿಸಾಕಿದ ಮುಳ್ಳಿನ ಹಾಗಿತ್ತು.

ಎಲ್ಲ ಸಜ್ಜಾಯಿತು. ಆದರೆ ಉತ್ತರ ಬರಲಿಲ್ಲ. ಉಪಗ್ರಹ ಒಂದು ದಿಕ್ಕಿನಲ್ಲಿ ಎದ್ದು, ಹತ್ತು ಹನ್ನೆರಡು ನಿಮಿಷದಲ್ಲಿ ಇನ್ನೊಂದು ದಿಕ್ಕಿನಲ್ಲಿ ಮುಳುಗುವಂಥದು. ಹುಚ್ಚರಾಯಪ್ಪನವರು ಇಯರ್‌ಫೋನಿನ ಗಂಟು ಬಿಡಿಸುವಷ್ಟರಲ್ಲಿ ಅದು ಅರಬ್ಬೀ ಸಮುದ್ರ ದಾಟಿರುತ್ತಿತ್ತು. ಗಂಟು ಬೇಗ ಬಿಡಿಸಿದ ದಿನ ಬೇರೆಯವರ ಮಾತು ಕೇಳುತ್ತಿತ್ತು, ಇವರನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಇಡೀ ಏಷ್ಯಾ ಖಂಡ ಬೇಕೆಂದೇ ತಮ್ಮೊಬ್ಬರನ್ನು ಕಡೆಗಣಿಸುತ್ತಿದೆ ಎಂದು ಅವರಿಗೆ ಖಾತ್ರಿಯಾಯಿತು.

ಪಕ್ಕದ ಮನೆಯ ಹೂವಮ್ಮನ ತೊಂದರೆ ಬೇರೆ. ರೇಡಿಯೋದಲ್ಲಿ ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಒಂದೊಂದು ಪದ ಕಟ್ಟಿ ಹೇಳುವುದು ಪದ್ಧತಿ. 'ಎಚ್' ಎನ್ನಬೇಕಾದರೆ 'ಹೋಟೆಲ್' ಎನ್ನಬೇಕು. ಸರ್ಕಾರ ಹುಚ್ಚರಾಯಪ್ಪನವರಿಗೆ ಕೊಟ್ಟ ಗುರುತಿನ ಅಕ್ಷರಗಳಲ್ಲಿ ಎರಡು ಎಚ್ ಇದ್ದವು. ಅವರು ತಾರಸಿಯ ಮೇಲೆ ನಿಂತು ಗಂಟಲು ಹರಿಯುವಂತೆ "ಹೋಟೆಲ್! ಹೋಟೆಲ್!" ಎಂದು ಕೂಗುತ್ತಿದ್ದರು.

"ಅಲ್ಲ ರಾಜೇಶ್ವರಿ," ಎಂದು ಹೂವಮ್ಮ ಕಾಂಪೌಂಡಿನ ಮೇಲೆ ಗದ್ದವೂರಿ ಒಂದು ದಿನ ಕೇಳಿಯೇಬಿಟ್ಟರು, "ಬೆಳಗಾಗೆದ್ದು ಮನೆಯ ಯಜಮಾನ್ರು ಹೋಟ್ಲು ಹೋಟ್ಲು ಅಂತ ಬಡ್ಕೊಂತಾರಲ್ಲ, ನೀನು ತಿಂಡಿ ಮಾಡದೇ ಬಿಟ್ಟೀಯೇನು?"

ಅಂದು ರಾಜೇಶ್ವರಮ್ಮ ಬೇಕೆಂದೇ ತಿಂಡಿ ಮಾಡಲಿಲ್ಲ.

ಹೀಗಿರುವಾಗ ಮಗಳು ಗಂಗಾಶ್ರೀಯನ್ನು ನೋಡಲು ಸೊರಬದಿಂದ ಗಂಡಿನ ಕಡೆಯವರು ಬಂದರು. ಗಂಗಾಶ್ರೀ ಸೊರಬದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು; ಹುಡುಗ ಚನ್ನೇಶ್ ಹತ್ತಿರದ ಜಡೆ ಎಂಬ ಊರಿನಲ್ಲಿ ದನಗಳ ಡಾಕ್ಟರು. ಇಬ್ಬರೂ ಬಸ್ಸಿಗೆ ಕಾದು ಕಾದು ಪರಿಚಯವಾದವರು. ಬರಬರುತ್ತ ಬಸ್ಸು ಬಂದರೂ ಹತ್ತದೆ ಮುಂದಿನದಕ್ಕೆ ಕಾಯುವಷ್ಟು ಪರಿಚಯವಾಗಿತ್ತು. ಆದ್ದರಿಂದ ನೋಡುವ ಶಾಸ್ತ್ರ ದೊಡ್ಡವರಿಗಾಗಿ ಮಾತ್ರ.

ಹುಡುಗನ ತಂದೆ ಉಜ್ಜಪ್ಪನವರು ಗೊಬ್ಬರದ ವ್ಯಾಪಾರಿ, ಭಾರೀ ಕುಳ. ಅವಲಕ್ಕಿ ತಿನ್ನುತ್ತ, "ನಮ್ಮ ಸಂಪರ್ಕ ಬೆಂಗಳೂರಿನ ತನಕ ಅದೆ. ಒಂದು ಫೋನ್ ಮಾಡಿದ್ರೆ ಕೆಲಸ ಆಗ್ತದೆ. ನಿಮ್ದು ಎಲ್ಲಿ ತನಕ?" ಎಂದು ಕೇಳಿದರು.

ಈ ಮಾತು ಹುಚ್ಚರಾಯಪ್ಪನವರಿಗೆ ನಾಟಿತು. ಸೊರಬದವರು ಶಿಕಾರಿಪುರಕ್ಕೆ ಬಂದು ಸಂಪರ್ಕದ ವಿಷಯ ಕೇಳುವುದೆ?

"ನಮ್ದು ಇನ್ನೂ ಮೇಲೆ," ಎಂದರು.

"ದಿಲ್ಲಿನಾ?"

"ಇನ್ನೂ ಮೇಲೆ."

ಉಜ್ಜಪ್ಪನವರ ಕೈಯ ಚಮಚ ನಿಂತಿತು. ಹುಚ್ಚರಾಯಪ್ಪನವರು ಬೆರಳನ್ನು ಫ್ಯಾನಿನ ಕಡೆಗೆ, ಅಂದರೆ ಅದರಾಚೆಗಿನ ಆಕಾಶದ ಕಡೆಗೆ ಎತ್ತಿದರು. "ಉಪಗ್ರಹ. ನಾನು ಉಪಗ್ರಹದಾಗೆ ಮಾತಾಡೋನು. ಮೊನ್ನೆ ಇಂಡೋನೇಷ್ಯಾದೋರ ಜತೆ ಅರ್ಧ ತಾಸು ಮಾತಾಡ್ದೆ."

ಹತ್ತು ನಿಮಿಷದಲ್ಲಿ ಮುಳುಗುವ ಉಪಗ್ರಹದಲ್ಲಿ ಅರ್ಧ ತಾಸು ಹೇಗೆ ಮಾತಾಡಿದಿರಿ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಗಂಗಾಶ್ರೀ ಮಾತ್ರ ಕಾಫಿಯ ತಟ್ಟೆ ಹಿಡಿದು ಬರುತ್ತಿದ್ದವಳು ಬಾಗಿಲಲ್ಲಿ ಒಂದು ಗಳಿಗೆ ನಿಂತಳು.

ಮಾತು ಅಂದೇ ಸಂಜೆ ಊರು ಸುತ್ತಿತು. ಹೂವಮ್ಮ ಅದನ್ನು ತಮ್ಮ ಸ್ವಸಹಾಯ ಸಂಘದ ವಾಟ್ಸಾಪಿಗೆ ಹಾಕಿದರು. ಅಲ್ಲಿಂದ ಬಾಯಿಂದ ಬಾಯಿಗೆ, ಮೊಬೈಲಿನಿಂದ ಮೊಬೈಲಿಗೆ ಹೋಗುವಾಗ 'ಉಪ' ಎನ್ನುವುದು ದಾರಿಯಲ್ಲೇ ಎಲ್ಲೋ ಉದುರಿಹೋಯಿತು. 'ಗ್ರಹ' ಮಾತ್ರ ಉಳಿಯಿತು. ಪೈಪಂಗಡಿ ಹುಚ್ಚರಾಯಪ್ಪನೋರು ಗ್ರಹಗಳ ಹತ್ರ ಮಾತಾಡ್ತಾರಂತೆ!

ಮರುದಿನ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಅಂಬ್ಲಿಗೊಳದ ಕಡೆಯ ರೈತರೊಬ್ಬರು ಮೆಟ್ಟಿಲ ಮೇಲೆ ಕೂತಿದ್ದರು. "ನಂಗೆ ಸಾಡೇಸಾತಿ ನಡೀತೈತೆ ಸಾಹುಕಾರ್ರೆ. ಶನಿಮಹಾತ್ಮನಿಗೆ ಒಂದು ಮಾತು ಹೇಳ್ರಿ. ಬಿಡು ಅನ್ನಲ್ಲ, ಸ್ವಲ್ಪ ಸಡಿಲ ಮಾಡು ಅಂದ್ರೆ ಸಾಕು."

"ಏನ್ ಮಾತಾಡ್ತೀರಿ?" ಎಂದು ಹುಚ್ಚರಾಯಪ್ಪನವರು ಗುಡುಗಿದರು. "ಅದು ಗ್ರಹ ಅಲ್ರೀ, ಉಪಗ್ರಹ! ಉಪ! ಉಪ!"

ರೈತರು ಸಮಾಧಾನದಿಂದ ತಲೆಯಾಡಿಸಿದರು. "ಉಪ ಆದ್ರೂ ಆಗ್ತೈತೆ ಬಿಡ್ರಿ. ತಹಶೀಲ್ದಾರ್ರ ಹತ್ರ ಆಗದ ಕೆಲಸ ಉಪ ತಹಶೀಲ್ದಾರ್ರ ಹತ್ರಾನೇ ಆಗೋದು."

ಆಮೇಲೆ ಬಂದವರ ಲೆಕ್ಕವಿಲ್ಲ. ಸೊಸೆಯ ಬಾಯಿ ಕಟ್ಟಲು ರಾಹುವಿಗೆ ಹೇಳಿ ಎಂದು ಅತ್ತೆ ಬಂದರು. ಅವರು ಹೋದ ಮೇಲೆ ಅತ್ತೆಯ ಬಾಯಿ ಕಟ್ಟಿಸಲು ಸೊಸೆ ಬಂದಳು. ಇವರಲ್ಲಿ ಒಬ್ಬರೂ ಒಂದು ನಲ್ಲಿಯನ್ನಾದರೂ ಕೊಳ್ಳಲಿಲ್ಲ. ರೋಸಿಹೋದ ಹುಚ್ಚರಾಯಪ್ಪನವರು ಒಂದು ರಟ್ಟಿನ ಮೇಲೆ ದಪ್ಪ ಅಕ್ಷರಗಳಲ್ಲಿ 'ಇಲ್ಲಿ ಗ್ರಹಗಳೊಂದಿಗೆ ಮಾತನಾಡುವುದಿಲ್ಲ' ಎಂದು ಬರೆದು ತೂಗುಹಾಕಿದರು. ಅದರಿಂದ ಅಲ್ಲಿಯವರೆಗೆ ಗೊತ್ತಿಲ್ಲದವರಿಗೂ ಗೊತ್ತಾಯಿತು. ಓದಿದವರೆಲ್ಲ, "ಇಲ್ಲಿ ಮಾತಾಡಲ್ಲಂತೆ. ಅಂದ್ರೆ ಮನೇಲಿ ಮಾತಾಡ್ತಾರೆ," ಎಂದು ಅರ್ಥ ಮಾಡಿಕೊಂಡು ಮನೆಗೆ ಹೋದರು.

ಮನೆಯ ತಾರಸಿಗೆ ಹತ್ತುವಂತಿಲ್ಲ, ಹತ್ತಿದರೆ ಕೆಳಗೆ ಕೈಮುಗಿದು ನಿಂತ ಜನ. ಹಾಗಾಗಿ ಒಂದು ಸಂಜೆ ಅವರು ಆಂಟೆನಾ, ವಾಕಿಟಾಕಿ, ಬ್ಯಾಟರಿ ಎಲ್ಲ ಚೀಲಕ್ಕೆ ತುಂಬಿಕೊಂಡು ಊರ ಹೊರಗಿನ ಒಂದು ಕೆರೆಯ ಏರಿಗೆ ಹೋದರು. ನಾಲ್ಕೂ ದಿಕ್ಕು ಬಯಲು, ಒಳ್ಳೆಯ ಆಕಾಶ. ಆಂಟೆನಾ ಹೊರತೆಗೆದು, ತಂತಿ ಸಿಕ್ಕಿಸಿ, ನೀರಿನ ಕಡೆಯಿಂದ ಏಳಲಿದ್ದ ಉಪಗ್ರಹಕ್ಕೆ ಗುರಿಯಿಟ್ಟು ಬಗ್ಗಿ ನಿಂತರು.

"ಸಿಕ್ಕಿಬಿದ್ರಿ!" ಎಂಬ ಧ್ವನಿ ಹಿಂದಿನಿಂದ ಬಂತು.

ಕೆರೆಯ ಮೀನು ಹಿಡಿಯುವ ಗುತ್ತಿಗೆ ಹಿಡಿದವರ ಕಾವಲುಗಾರ ಗುತ್ಯಪ್ಪ, ಕೈಯಲ್ಲಿ ದೊಣ್ಣೆ ಹಿಡಿದು ನಿಂತಿದ್ದ. "ವಾರದಿಂದ ಕರೆಂಟ್ ಹಾಕಿ ಮೀನು ಹೊಡೆಯೋನು ಯಾರು ಅಂತ ಹುಡುಕ್ತಿದ್ದೆ. ಬ್ಯಾಟ್ರಿ, ತಂತಿ, ಕಡ್ಡಿ, ಎಲ್ಲಾ ಐತೆ!"

ಮೂರು ತಲೆಮಾರಿನಿಂದ ಕೊರಳಲ್ಲಿ ಲಿಂಗ ಬಿಡದ, ಮೊಟ್ಟೆಯ ಕೇಕನ್ನೂ ಮುಟ್ಟದ ಮನೆತನ. ಹುಚ್ಚರಾಯಪ್ಪನವರು ಬಾಯಿ ತೆರೆದಾಗ ಕೆರೆಯ ಬಾತುಗಳೆಲ್ಲ ಎದ್ದು ಹಾರಿಹೋದವು. "ಮೀನು? ನಾನು? ಏಯ್, ಇದು ವೈರ್‌ಲೆಸ್ಸು! ಸರ್ಕಾರದ ವೈರ್‌ಲೆಸ್ ಲೈಸೆನ್ಸ್ ಐತೆ ನಂಗೆ!"

ಗುತ್ಯಪ್ಪ ಬಗ್ಗಿ, ಆಂಟೆನಾದಿಂದ ನೇತಾಡುತ್ತಿದ್ದ ಕಪ್ಪು ತಂತಿಯನ್ನು ದೊಣ್ಣೆಯ ತುದಿಯಿಂದ ಎತ್ತಿ ತೋರಿಸಿದ. "ವೈರ್‌ಲೆಸ್ ಅಂತೀರಿ. ಮತ್ತೆ ಇದೇನು?"

ಈ ಪ್ರಶ್ನೆಗೆ ಪರೀಕ್ಷೆಯ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಏರಿಯ ಮೇಲೆ ಹೋಗುತ್ತಿದ್ದ ಬೈಕುಗಳು ಒಂದೊಂದಾಗಿ ನಿಂತವು. ಯಾರೋ ಫೋಟೋ ತೆಗೆದರು. ಅದರಲ್ಲಿ ಹುಚ್ಚರಾಯಪ್ಪನವರು ಕೆರೆಗೆ ಬೆನ್ನುಮಾಡಿ, ಕೈಯಲ್ಲಿ ಮೀನಿನ ಮುಳ್ಳಿನಂಥದನ್ನು ಎತ್ತಿಹಿಡಿದು, ಬಾಯಿ ತೆರೆದು ನಿಂತಿದ್ದರು. ಅವರ ನ್ಯಾಯ ಆ ಫೋಟೋದಲ್ಲಿ ಎಲ್ಲೂ ಕಾಣುತ್ತಿರಲಿಲ್ಲ.

ಅವರು ಮನೆ ಮುಟ್ಟುವ ಮುಂಚೆಯೇ ಫೋಟೋ ಸೊರಬ ಮುಟ್ಟಿತು. ಮಾರನೆಯ ದಿನ ಉಜ್ಜಪ್ಪನವರ ಫೋನು.

"ಹುಚ್ಚರಾಯಪ್ಪನೋರೆ, ಬೇಜಾರು ಮಾಡ್ಕೊಬೇಡಿ. ಮೊದ್ಲೇ ನಮ್ಮ ಅಯ್ನೋರು ಜಾತಕ ನೋಡಿ, ಹುಡುಗಿಗೆ ಏಳನೇ ಮನೇಲಿ ಕುಜ, ದೋಷ ಅದೆ ಅಂದಿದ್ರು. ಆದ್ರೂ ನೋಡಣ ಅಂತಿದ್ವಿ. ಈಗ ಈ ಮೀನಿನ ವಿಷಯ ಬೇರೆ. ನಾಕು ಜನ ನಂಟರು ಕೇಳ್ತಾರೆ, ಎಂತ ಹೇಳದು?"

"ಮೀನಿಲ್ಲ, ಕುಜನೂ ಇಲ್ಲ!" ಎಂದು ಹುಚ್ಚರಾಯಪ್ಪನವರು ಫೋನಿಗೆ ಕೂಗಿದರು.

"ಹಂಗಾದ್ರೆ ಒಂದು ಕೆಲಸ ಮಾಡಿ. ಭಾನುವಾರ ನಮ್ಮನೆಗೆ ಬಂದು ಆ ಮಿಷಿನ್ನು ನಾಕು ಜನದ ಎದುರು ತೋರ್ಸಿ. ಮೀನಿಂದಲ್ಲ ಅಂತಾದ್ರೂ ಗೊತ್ತಾಗ್ಲಿ. ಹಂಗೇ ಕುಜನ ವಿಷಯಾನೂ ಒಂದು ಮಾತು..." ಉಜ್ಜಪ್ಪನವರು ಧ್ವನಿ ತಗ್ಗಿಸಿದರು, "ನೀವೇ ನೇರ ಕೇಳಿದ್ರೆ ಬಗೆಹರೀತದೆ ಅಂತ ನಮ್ಮ ಕಡೆಯೋರದ್ದು."

ಫೋನಿಟ್ಟ ಹುಚ್ಚರಾಯಪ್ಪನವರು ಹಜಾರದಲ್ಲಿ ಅತ್ತಿಂದಿತ್ತ ತಿರುಗಾಡಿದರು. ಇಪ್ಪತ್ತೊಂದನೇ ಶತಮಾನ! ವಿಜ್ಞಾನ! ಸೊರಬ!

"ರೀ, ಅಷ್ಟು ಯಾಕೆ ಹಾರಾಡ್ತೀರಿ?" ಎಂದರು ರಾಜೇಶ್ವರಮ್ಮ. "ಅಲ್ಲಿ ಹೋಗಿ ಕೊರ್ರ್ ಅನಿಸಿ, ಕುಜ ಒಪ್ಪಿದ ಅಂದ್ಬಿಡ್ರಿ. ಮಗಳ ಮದುವೆ ಆಗ್ತೈತೆ."

"ನಾನು ಸುಳ್ಳು ಹೇಳ್ಲಾ?"

"ಇಂಡೋನೇಷ್ಯಾದೋರ ಹತ್ರ ಅರ್ಧ ತಾಸು ಮಾತಾಡಿದ್ದು ಏನು ಮತ್ತೆ?"

ಹುಚ್ಚರಾಯಪ್ಪನವರು ನಿಂತರು. ಬಾಗಿಲ ಬಳಿ ಗಂಗಾಶ್ರೀ ಇದ್ದಳು. ಅವಳು ಅಳುತ್ತಿರಲಿಲ್ಲ, ಸಿಟ್ಟಾಗಿಯೂ ಇರಲಿಲ್ಲ. "ಅಪ್ಪಾಜಿ, ಕುಜನ ಹತ್ರ ಏನೂ ಮಾತಾಡ್ಬೇಡಿ. ಆದ್ರೆ ಭಾನುವಾರ ಯಾರಾದ್ರೂ ಮನುಷ್ಯರ ಹತ್ರ ಮಾತಾಡಿ ತೋರ್ಸಿ. ಒಂದೇ ಒಂದು ಸಲ," ಎಂದಳು. ಅಪ್ಪನ ವಾಕಿಟಾಕಿಗೆ ಇದುವರೆಗೆ ಯಾರೂ ಉತ್ತರ ಕೊಟ್ಟಿಲ್ಲವೆಂಬುದು ಅವಳಿಗೆ ಗೊತ್ತಿತ್ತು ಎಂದು ಅವರಿಗೆ ಆಗ ಹೊಳೆಯಿತು. ಜೀವನದಲ್ಲಿ ಮೊದಲ ಬಾರಿಗೆ ಅವರಿಗೆ ಸಿಟ್ಟಾಗಲು ಯಾರೂ ಸಿಗಲಿಲ್ಲ.

ಭಾನುವಾರ ಸೊರಬದಲ್ಲಿ ಉಜ್ಜಪ್ಪನವರ ಮನೆಯ ಮುಂದೆ ಶಾಮಿಯಾನವನ್ನೇ ಹಾಕಿದ್ದರು.

"ತೆಗೀರಿ ಅದನ್ನ!" ಎಂದು ಹುಚ್ಚರಾಯಪ್ಪನವರು ಕಾರಿನಿಂದ ಇಳಿಯುತ್ತಲೇ ಅರಚಿದರು. "ಆಕಾಶಾನೇ ಕಾಣದಂಗೆ ಶಾಮಿಯಾನ ಹಾಕಿದ್ರೆ ಸಿಗ್ನಲ್ ಹೆಂಗ್ರೀ ಬರ್ತೈತೆ?" ಶಾಮಿಯಾನದ ಬಟ್ಟೆಯಿಂದ ಸಿಗ್ನಲ್ಲಿಗೆ ಹೆಚ್ಚೇನೂ ಅಡ್ಡಿಯಿಲ್ಲ, ಆದರೆ ಅದನ್ನು ಬಿಚ್ಚಿಸಿದ್ದರಿಂದ ಅವರಿಗೆ ಕೊಂಚ ಧೈರ್ಯ ಬಂತು. ಜನ ಬಿಸಿಲಲ್ಲಿ ಕೂತರು. ನಂಟರು, ನೆರೆಯವರು, ಕುಜನ ವಿಷಯ ಎತ್ತಿದ ಅಯ್ಯನವರು, ಎಲ್ಲರ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಉಜ್ಜಪ್ಪನವರ ತಾಯಿ ಸರ್ವಮಂಗಳಮ್ಮ. ಎಂಬತ್ತರ ಮೇಲಿನ ಮುದುಕಿ. ಆ ಮನೆಯಲ್ಲಿ ಅವರ ಮಾತಿಗೆ ಎದುರಿಲ್ಲ. ಚನ್ನೇಶ್ ಮೂಲೆಯಲ್ಲಿ, ಸೂಜಿ ಹಾಕಿಸಿಕೊಳ್ಳಲು ಕಾದ ಕರುವಿನಂತೆ ನಿಂತಿದ್ದ.

ಯಾರೋ ವಾಕಿಟಾಕಿಗೆ ಕುಂಕುಮ ಹಚ್ಚಿದರು. ಇನ್ಯಾರೋ ಆಂಟೆನಾಕ್ಕೆ ಹಾರ ಹಾಕಿದರು. ಹುಚ್ಚರಾಯಪ್ಪನವರು ಹಾರ ಕಿತ್ತೆಸೆದು ಮೊಬೈಲು ನೋಡಿದರು. ಉಪಗ್ರಹ ಏಳುವ ಹೊತ್ತಾಗಿತ್ತು. ಸರಿಯಾಗಿ ಆಗಲೇ ಉಜ್ಜಪ್ಪನವರು ಕಾಫಿ ತಂದು ಮೂಗಿಗೆ ಹಿಡಿದರು.

"ಈಗ ಬೇಡ್ರೀ!"

"ಆರಿ ಹೋಗ್ತದೆ."

"ಉಪಗ್ರಹಾನೂ ಹೋಗ್ತೈತೆ!"

ವಾಕಿಟಾಕಿಯ ಸ್ಪೀಕರಿನಲ್ಲಿ ಜರ್ ಎಂದು ಸದ್ದಾಯಿತು. ಆ ಸದ್ದಿನೊಳಗಿಂದ ದೂರದ ದನಿಗಳು ಎದ್ದವು. ಹುಚ್ಚರಾಯಪ್ಪನವರು ಗುರುತಿನ ಅಕ್ಷರ ಹೇಳಿ ಕರೆದರು. ಉತ್ತರವಿಲ್ಲ. ಮತ್ತೆ ಕರೆದರು. ಬೇರೆಯವರು ಬೇರೆಯವರೊಡನೆ ಮಾತಾಡಿಕೊಂಡರು. "ಹೋಟೆಲ್! ಹೋಟೆಲ್!" ಎಂದು ಅವರ ಧ್ವನಿ ಒಡೆಯಿತು. ಹಣೆಯಿಂದ ಬೆವರಿಳಿಯಿತು. ನಂಟರಲ್ಲೊಬ್ಬರು, "ಹೋಟ್ಲು ಅಂತಾರಲ್ಲ, ನಾವೇ ಊಟಕ್ಕೆ ಮಾಡ್ಸಿದೀವಿ ಅಂತ ಹೇಳಿ," ಎಂದು ಪಿಸುಗುಟ್ಟಿದರು.

ಅಷ್ಟರಲ್ಲಿ ಗಂಗಾಶ್ರೀ ಮುಂದೆ ಬಂದು ಅಪ್ಪನ ಕೈಯಿಂದ ಆಂಟೆನಾ ತೆಗೆದುಕೊಂಡಳು. "ನೀವು ಮಾತಾಡಿ ಅಪ್ಪಾಜಿ, ಇದನ್ನ ನಾನು ಹಿಡೀತೀನಿ." ಅವಳು ಅದನ್ನು ಮೆಲ್ಲಗೆ ಮಣಿಕಟ್ಟಿನಲ್ಲಿ ಓರೆಯಾಗಿ ತಿರುಗಿಸಿದಳು. ಜರ್ ಎನ್ನುವ ಸದ್ದು ಸೋಸಿದಂತೆ ತಿಳಿಯಾಯಿತು. ಹುಚ್ಚರಾಯಪ್ಪನವರು ಕೊನೆಯದಾಗಿ ಒಮ್ಮೆ ಕರೆದರು. ಈ ಸಲ ಅರಚಲಿಲ್ಲ, ದಣಿವಿನಿಂದ ಮಾಮೂಲು ದನಿಯಲ್ಲಿ ಕರೆದರು.

ಒಬ್ಬ ಹೆಂಗಸಿನ ಧ್ವನಿ, ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟವಾಗಿ, ಅವರ ಅಕ್ಷರಗಳನ್ನೇ ತಿರುಗಿ ಹೇಳಿತು. ಆಕೆ ಹೇಳಿದ ತಮ್ಮ ಗುರುತಿನ ಅಕ್ಷರಗಳಿಂದ ಶ್ರೀಲಂಕಾದವರೆಂದು ತಿಳಿಯಿತು. ಆಮೇಲೆ ಆ ಧ್ವನಿ ಇಂಗ್ಲಿಷಿನಲ್ಲಿ, "ಫೈವ್ ನೈನ್, ಯು ಆರ್ ಫೈವ್ ನೈನ್!" ಎಂದಿತು.

ನಿಮ್ಮ ಧ್ವನಿ ಚೆನ್ನಾಗಿ ಕೇಳುತ್ತಿದೆ ಎಂಬುದಕ್ಕೆ ಹ್ಯಾಮ್‌ಗಳು ಹೇಳುವ ಅಂಕಿ ಅದು. ಹುಚ್ಚರಾಯಪ್ಪನವರ ಕಣ್ಣಲ್ಲಿ ನೀರು ಬಂತು. ಅವರೂ ಆಕೆಗೆ ಅಂಕಿ ಹೇಳಿ ಮುಗಿಸಿದರೆ ಮಾತ್ರ ಸಂಪರ್ಕ ಪೂರ್ತಿಯಾದಂತೆ. ಅವರು ಗುಂಡಿ ಒತ್ತಬೇಕು ಎನ್ನುವಷ್ಟರಲ್ಲಿ—

"ಐದು! ಒಂಬತ್ತು!" ಎಂದು ಸರ್ವಮಂಗಳಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. "ಕೇಳ್ತೇನ್ರಾ ಎಲ್ಲರೂ? ಅಯ್ನೋರೆ, ನೀವು ಕುಜ ಏಳನೇ ಮನೆ ಅಂದಿದ್ರಿ. ಮೇಲಿಂದ ಐದು, ಒಂಬತ್ತು ಅಂತಿದಾರಲ್ಲ! ಐದನೇ ಮನೇಲಿ ಕುಜ ಇದ್ರೆ ದೋಷನಾ?"

"ಐದಕ್ಕೆ ದೋಷ ಇಲ್ಲ," ಎಂದರು ಅಯ್ಯನವರು.

"ಒಂಬತ್ತಕ್ಕೆ?"

"ಒಂಬತ್ತಕ್ಕೂ ಇಲ್ಲ. ಎರಡೂ ತ್ರಿಕೋಣ, ಭಾರೀ ಶುಭ. ಆದ್ರೆ ನನ್ನ ಲೆಕ್ಕದಲ್ಲಿ..."

"ನೀವು ಇಲ್ಲಿ ಕೂತು ಲೆಕ್ಕ ಹಾಕದು. ಅವರು ಅಲ್ಲೇ ಇದ್ದು ನೋಡದು. ಯಾವುದು ಸರಿ?"

ಅಯ್ಯನವರು ಆಕಾಶ ನೋಡಿದರು, ಆಮೇಲೆ ಸರ್ವಮಂಗಳಮ್ಮನ ಮುಖ ನೋಡಿದರು. "ಜಾತಕ ಬರೆದೋರ ಕೈತಪ್ಪೂ ಇರಬಹುದು," ಎಂದರು. ಅಂಗಳದಲ್ಲಿ ಚಪ್ಪಾಳೆ ಬಿತ್ತು. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಉಜ್ಜಪ್ಪನವರು ಆರಿದ ಕಾಫಿಯನ್ನು ತಾವೇ ಕುಡಿದು, "ಬೀಗ್ರೇ!" ಎಂದು ಹುಚ್ಚರಾಯಪ್ಪನವರನ್ನು ಅಪ್ಪಿ ಮೇಲೆತ್ತಿದರು.

"ಬಿಡ್ರೀ! ಇಳಿಸ್ರೀ!" ಹುಚ್ಚರಾಯಪ್ಪನವರು ನೆಲಕ್ಕೆ ಕಾಲು ಸಿಗದೆ ಒದ್ದಾಡಿದರು. ಕೈಯಲ್ಲಿದ್ದ ವಾಕಿಟಾಕಿಯಲ್ಲಿ ಶ್ರೀಲಂಕಾದ ಹೆಂಗಸು ಇವರನ್ನು ಕರೆಯುತ್ತಲೇ ಇದ್ದರು. ಧ್ವನಿ ಸಣ್ಣದಾಗಿ, ಮತ್ತೂ ಸಣ್ಣದಾಗಿ, ಜರ್ ಎಂಬ ಸದ್ದಿನಲ್ಲಿ ಮುಳುಗಿಹೋಯಿತು. ಉಪಗ್ರಹ ಹೋಗಿತ್ತು.

ಆಗ ಹುಚ್ಚರಾಯಪ್ಪನವರಿಗೆ ಬಂದ ಸಿಟ್ಟು ಅಷ್ಟು ವರ್ಷದ ಸಿಟ್ಟುಗಳನ್ನೆಲ್ಲ ಸಣ್ಣದು ಮಾಡುವಂಥದು. ಅವರು ಕಾಫಿಯ ಸ್ಟೂಲಿನ ಮೇಲೆ ಹತ್ತಿ ನಿಂತರು. ರಾಜೇಶ್ವರಮ್ಮ ಪಂಚೆ ಹಿಡಿದು ಎಳೆಯುತ್ತಿದ್ದರೂ ಬಿಡಲಿಲ್ಲ. "ಕೇಳ್ರಿ ಎಲ್ಲಾ! ಅದು ಕುಜ ಅಲ್ಲ! ಶ್ರೀಲಂಕಾದ ಹೆಣ್ಣುಮಗಳು! ಐದು ಒಂಬತ್ತು ಅಂದ್ರೆ ಸಿಗ್ನಲ್ಲು! ನಾನು ಯಾವ ಗ್ರಹದ ಹತ್ರಾನೂ ಮಾತಾಡಿಲ್ಲ! ಇಂಡೋನೇಷ್ಯಾನೂ ಸುಳ್ಳು! ಇವತ್ತಿನ ತನಕ ಒಬ್ಬರೂ ನಂಗೆ ಉತ್ರ ಕೊಟ್ಟಿರಲಿಲ್ಲ! ಮೊದಲನೇ ಉತ್ರ ಬಂತು, ಅದನ್ನ ನೀವು ಹಾಳು ಮಾಡಿದ್ರಿ!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನಂಟರಲ್ಲೊಬ್ಬರು ಮೆಚ್ಚಿಕೆಯಿಂದ ತಲೆದೂಗಿದರು. "ಎಂಥಾ ವಿನಯ ನೋಡಿ. ಸಾಧಿಸಿದೋರು ಹಿಂಗೇ. ಗುಟ್ಟು ಬಿಟ್ಟುಕೊಡಲ್ಲ."

ಹುಚ್ಚರಾಯಪ್ಪನವರು ಬಾಯಿ ತೆರೆದೇ ಸ್ಟೂಲಿನಿಂದ ಇಳಿದರು. ಸರ್ವಮಂಗಳಮ್ಮ ಅವರನ್ನು ಬೆರಳಾಡಿಸಿ ಹತ್ತಿರ ಕರೆದು, ಕಿವಿಯಲ್ಲಿ ಮೆಲ್ಲನೆ ಹೇಳಿದರು: "ತಮ್ಮಾ, ರೇಡಿಯೋ ಅಂದ್ರೆ ಎಂತ ಅಂತ ನಂಗೂ ಗೊತ್ತು. ಈ ಹುಡುಗ ತಿಂಗಳಿಂದ ಸರಿಯಾಗಿ ಊಟ ಮಾಡ್ತಿಲ್ಲ. ಉಜ್ಜಪ್ಪ ಅಯ್ನೋರ ಮಾತು ಮೀರಲ್ಲ. ಅಯ್ನೋರಿಗೆ ಆಡಿದ ಮಾತು ನುಂಗಕ್ಕೆ ಒಂದು ದಾರಿ ಬೇಕಿತ್ತು. ನಿಮ್ಮ ಲಂಕೆಯೋಳು ಹನ್ನೆರಡು ಅಂದಿದ್ರೂ ನಾನು ಐದು ಅಂತಾನೇ ಕೇಳಿಸ್ಕೊತಿದ್ದೆ."

"ಆದ್ರೆ ಸತ್ಯ ಅನ್ನೋದು..."

"ಸತ್ಯ ನೀವು ಸ್ಟೂಲು ಹತ್ತಿ ಹೇಳಿಯಾಯ್ತಲ್ಲ ಮಾರಾಯ್ರೆ. ಯಾರೂ ನಂಬದಿದ್ರೆ ಅದು ನಿಮ್ಮ ತಪ್ಪಾ? ನಡೀರಿ, ಹೋಳಿಗೆ ಆರ್ತದೆ."

ಈ ತರ್ಕದಲ್ಲಿ ಎಲ್ಲೋ ಮೋಸವಿದೆ ಎಂದು ಹುಚ್ಚರಾಯಪ್ಪನವರಿಗೆ ಅನ್ನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ. ಎದುರಿಗೆ ಮಗಳು ಆಂಟೆನಾ ಹಿಡಿದೇ ಚನ್ನೇಶನ ಜೊತೆ ನಿಂತು ನಗುತ್ತಿದ್ದಳು. ಅವರು ಹೋಗಿ ಎಲೆಯ ಮುಂದೆ ಕೂತು, ಹೋಳಿಗೆಯನ್ನು ಶತ್ರುವನ್ನು ಹರಿಯುವ ಹಾಗೆ ಹರಿದರು.

ಉಜ್ಜಪ್ಪನವರು ತುಪ್ಪ ಬಡಿಸುತ್ತ ಬಂದರು. "ಬೀಗ್ರೇ, ಮದುವೆ ಮುಹೂರ್ತಾನೂ ಮೇಲಿಂದ್ಲೇ ಕೇಳಿಬಿಡಣ. ಅದು ಮತ್ತೆ ಬರ್ತದಾ?"

ಬೈಯಲು ಬಾಯಿ ತೆರೆದ ಹುಚ್ಚರಾಯಪ್ಪನವರಿಗೆ ಶ್ರೀಲಂಕಾದ ಹೆಂಗಸಿನ ಸಣ್ಣದಾಗುತ್ತ ಹೋದ ಧ್ವನಿ ನೆನಪಾಯಿತು. ಉಪಗ್ರಹ ಒಂದು ಸುತ್ತು ಹಾಕಿ ಊಟ ಮುಗಿಯುವ ಹೊತ್ತಿಗೆ ಮತ್ತೆ ಸೊರಬದ ಮೇಲೆ ಬರುವುದಿತ್ತು.

"ಬರ್ತೈತೆ," ಎಂದರು. "ಆದ್ರೆ ಈ ಸಲ ಒಬ್ಬರೂ ಪಿಟಿಕ್ ಅನ್ನಂಗಿಲ್ಲ. ನನ್ನ ಯಾರೂ ಎತ್ತಂಗಿಲ್ಲ."

ಊಟವಾದ ಮೇಲೆ ಇಡೀ ಅಂಗಳ ಎಲೆಯಡಿಕೆ ಜಗಿಯುವುದನ್ನೂ ನಿಲ್ಲಿಸಿ ಕೂತಿತು. ಗಂಗಾಶ್ರೀ ಆಂಟೆನಾ ಹಿಡಿದಳು. ಅದು ಎತ್ತ ತಿರುಗಬೇಕೆಂದು ಚನ್ನೇಶ್ ಮೊಬೈಲು ನೋಡಿ ಕೈ ತೋರಿಸಿದ. ಜರ್ ಎಂದಿತು. ಹುಚ್ಚರಾಯಪ್ಪನವರು ಕರೆದ ಕೂಡಲೇ ಅದೇ ಹೆಂಗಸು ಬಂದರು. ಆಕೆಗೂ ಸಿಟ್ಟು ಬಂದಿತ್ತು. ಆಗ ಅರ್ಧದಲ್ಲೇ ಬಿಟ್ಟು ಎಲ್ಲಿ ಹೋಗಿದ್ದಿರಿ, ನಾನು ಎಷ್ಟು ಸಲ ಕರೆದೆ, ಇದೇನು ಪದ್ಧತಿ ಎಂದು ಇಂಗ್ಲಿಷಿನಲ್ಲಿ ತರಾಟೆಗೆ ತೆಗೆದುಕೊಂಡರು. ಅಷ್ಟು ನ್ಯಾಯವಾದ ಸಿಟ್ಟನ್ನು ಹುಚ್ಚರಾಯಪ್ಪನವರು ತಮ್ಮ ಹೊರತು ಬೇರೆ ಯಾರಲ್ಲೂ ಕಂಡಿರಲಿಲ್ಲ. ಅವರು ಕ್ಷಮೆ ಕೇಳಿದರು, ಮಗಳ ಮದುವೆ ನಿಶ್ಚಯವಾಯಿತು ಎಂದರು, ಆಕೆಗೆ ಕೊಡಬೇಕಾದ ಐದು ಒಂಬತ್ತನ್ನು ಕೊಟ್ಟರು. ಧ್ವನಿ ಮೆತ್ತಗಾಯಿತು. ಆಕೆ ನಕ್ಕು, "ಸೆವೆಂಟಿ ತ್ರೀ!" ಎಂದರು. ಇವರೂ "ಸೆವೆಂಟಿ ತ್ರೀ!" ಎಂದರು. ಸಂಪರ್ಕ ಪೂರ್ತಿಯಾಯಿತು.

ಅಯ್ಯನವರು ಆಗಲೇ ಬೆರಳಿನ ಗೆಣ್ಣುಗಳ ಮೇಲೆ ಎಪ್ಪತ್ತಮೂರು ಎಣಿಸಲು ಶುರು ಮಾಡಿದ್ದರು.

"ಎಣಿಸ್ಬೇಡಿ ಅಯ್ನೋರೆ," ಎಂದು ಹುಚ್ಚರಾಯಪ್ಪನವರು ಕಣ್ಣೊರೆಸಿಕೊಳ್ಳುತ್ತ, ಎಂದೂ ಇಲ್ಲದ ಮೃದುವಾದ ಧ್ವನಿಯಲ್ಲಿ ಹೇಳಿದರು. "ಅದು ಲೆಕ್ಕ ಅಲ್ಲ. ರೇಡಿಯೋ ಭಾಷೇಲಿ, ನಿಮಗೆ ಶುಭವಾಗ್ಲಿ ಅಂತ ಅರ್ಥ. ದೇವ್ರಾಣೆ, ಅಷ್ಟೇ ಅಂದಿದ್ದು."

ಅವರು ಹೇಳಿದ್ದು ನಿಜ. ಎಲ್ಲರೂ ಅದನ್ನು ನಂಬಿದರು. ಉಜ್ಜಪ್ಪನವರೊಬ್ಬರು ಮಾತ್ರ ಧಡಕ್ಕನೆ ಎದ್ದು ನಿಂತರು. ಅವರ ಮುಖ ಕೆಂಪಾಗಿತ್ತು.

"ಶುಭವಾಗ್ಲಿ ಅಂತ ಯಾರು ಬೇಕಾದ್ರೂ ಅಂತಾರೆ! ನಾವು ಬಿಸಿಲಲ್ಲಿ ಕೂತು ಕೇಳಿದ್ದು ಮುಹೂರ್ತ. ತಾರೀಕು ಎಂತಕ್ಕೆ ಹೇಳ್ಲಿಲ್ಲ? ಕೊಡಿ ಇಲ್ಲಿ, ನಾನು ಮಾತಾಡ್ತೀನಿ!"